ಅಂಗಡಿ ಲೆಕ್ಕಕ್ಕೂ ಮನೆ ಕಂಪ್ಯೂಟರಿಗೂ ಎನ್‌ಕ್ರಿಪ್ಷನ್ ಹಾಕುವ ಬಗೆ

ದನದ ಜಾತ್ರೆಯಲ್ಲಿ ಟವೆಲ್ಲಿನ ಅಡಿ ಕೈ ಹಾಕಿ, ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದವರಿಗೆ ಎನ್‌ಕ್ರಿಪ್ಷನ್ ಅರ್ಧ ಅರ್ಥವಾದಂತೆಯೇ. ಸುತ್ತ ಜನ ನಿಂತಿರುತ್ತಾರೆ. ಟವೆಲ್ಲು ಎಲ್ಲರಿಗೂ ಕಾಣುತ್ತದೆ, ವ್ಯಾಪಾರ ನಡೆಯುತ್ತಿದೆ ಎಂಬುದೂ ಗೊತ್ತಾಗುತ್ತದೆ. ಎಷ್ಟಕ್ಕೆ ಎಂಬುದು ಮಾತ್ರ ಆ ಎರಡು ಕೈಗಳ ನಡುವೆ. ಕಂಪ್ಯೂಟರಿನಲ್ಲೂ ಹಾಗೆಯೇ. ಫೈಲ್ ಇದೆ ಎಂಬುದು ಕದ್ದವನಿಗೆ ಕಾಣುತ್ತದೆ, ಅದರ ಗಾತ್ರವೂ ತಿಳಿಯುತ್ತದೆ. ಒಳಗಿನದು ಕೀಲಿಕೈ ಇಲ್ಲದವನಿಗೆ ಬರೀ ಕಸ. ಪಠ್ಯಪುಸ್ತಕದ ಕನ್ನಡದಲ್ಲಿ ಇದಕ್ಕೆ ಗೂಢಲಿಪೀಕರಣ ಎಂದು ಹೆಸರು. ದಾವಣಗೆರೆಯ ಕಂಪ್ಯೂಟರ್ ಅಂಗಡಿಯಲ್ಲಿ ಹಾಗೆ ಕೇಳಿದರೆ ಮುಖ ಮುಖ ನೋಡಿಯಾರು, ಆದ್ದರಿಂದ ಇಲ್ಲಿ ಎನ್‌ಕ್ರಿಪ್ಷನ್ ಎಂದೇ ಬರೆಯುತ್ತೇವೆ.

ವಿಂಡೋಸ್‌ಗೆ ಪಾಸ್‌ವರ್ಡ್ ಇದೆಯಲ್ಲ, ಅಷ್ಟು ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಆ ಪಾಸ್‌ವರ್ಡ್ ಮುಂಬಾಗಿಲಿನ ಬೀಗ ಅಷ್ಟೇ. ಹಾರ್ಡ್‌ಡಿಸ್ಕ್ ಬಿಚ್ಚಿ, ಒಂದು ಯುಎಸ್‌ಬಿ ಕೇಬಲ್ಲಿನಿಂದ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಬಾಗಿಲಿನ ಹಂಗೇ ಇಲ್ಲದೆ ಹಿತ್ತಿಲಿಂದ ಒಳಗೆ ಬಂದಂತೆ. ಸ್ಕ್ರೂಡ್ರೈವರ್ ಇದ್ದರೆ ಐದು ನಿಮಿಷದ ಕೆಲಸ. ಎಪಿಎಂಸಿ ದಲ್ಲಾಳಿಯ ಟ್ಯಾಲಿ ಲೆಕ್ಕ, ಮೆಕ್ಕೆಜೋಳ ಹಾಕಿದ ರೈತರ ಆಧಾರ್ ಮತ್ತು ಪಾಸ್‌ಬುಕ್ ಸ್ಕ್ಯಾನ್, ಕ್ಲಿನಿಕ್ಕಿನ ಲ್ಯಾಬ್ ರಿಪೋರ್ಟ್, ಚಳ್ಳಕೆರೆಯ ಎಣ್ಣೆ ಗಿರಣಿಯ ಖರೀದಿ ದರ, ಎಲ್ಲವೂ ಹಾಗೆ ತೆರೆದೇ ಸಿಗುತ್ತವೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಬಿಚ್ಚಿಕೊಂಡು ಹೋದವನಿಗೆ ಡಿಸ್ಕಿನ ಬೆಲೆ ಮಾತ್ರ ದಕ್ಕುತ್ತದೆ.

ಇದರಿಂದ ಆಗದ ಕೆಲಸವನ್ನೂ ಮೊದಲೇ ಹೇಳಿಬಿಡಬೇಕು. ಕಂಪ್ಯೂಟರ್ ಆನ್ ಆಗಿ, ಲಾಗಿನ್ ಆಗಿ, ನೀವು ಚಹಾಕ್ಕೆ ಎದ್ದು ಹೋಗಿದ್ದರೆ ಎನ್‌ಕ್ರಿಪ್ಷನ್ ಇದ್ದೂ ಇಲ್ಲದಂತೆ. ಓಟಿಪಿ ಕೇಳಿ ಮೋಸ ಮಾಡುವವರಿಗೆ ಇದು ಅಡ್ಡಿಯಲ್ಲ. ರ‍್ಯಾನ್ಸಮ್‌ವೇರ್ ಎಂಬ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ಪೀಡೆಯನ್ನೂ ಇದು ತಡೆಯದು, ಏಕೆಂದರೆ ನಿಮ್ಮ ಬೀಗದ ಮೇಲೆ ಕಳ್ಳ ತನ್ನದೊಂದು ಬೀಗ ಜಡಿಯಲು ನಿಮ್ಮ ಕೀಲಿಕೈ ಬೇಕಾಗಿಲ್ಲ. ಅದಕ್ಕೆ ಮದ್ದು ಕಂಪ್ಯೂಟರಿನಿಂದ ಕಳಚಿಟ್ಟ ಬ್ಯಾಕಪ್ ಒಂದೇ.

ಬೀಗ ಗಟ್ಟಿಯಿದೆ, ಕೀಲಿಕೈ ಎಲ್ಲಿದೆ?

ಇಂದು ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವುದು ಎಇಎಸ್ ಎಂಬ ವಿಧಾನ. ಬೆಲ್ಜಿಯಂನ ಯೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ್ದನ್ನು ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಒಪ್ಪಿಕೊಂಡಿತು. ಅದಕ್ಕೂ ಮೊದಲು ಇದ್ದ ಡಿಇಎಸ್‌ನ ಕೀಲಿ 56 ಬಿಟ್ ಉದ್ದದ್ದು. 1998ರಲ್ಲಿ ಅದನ್ನು ಒಡೆಯಲೆಂದೇ ಕಟ್ಟಿದ ಯಂತ್ರವೊಂದು ಒಂದೊಂದೇ ಕೀಲಿ ಹಾಕಿ ನೋಡುತ್ತಾ 56 ಗಂಟೆಯಲ್ಲಿ ತೆರೆಯಿತು. ಎಇಎಸ್-256ರಲ್ಲಿ ಹಾಕಿ ನೋಡಬೇಕಾದ ಕೀಲಿಗಳ ಸಂಖ್ಯೆ ಬರೆದರೆ 78 ಅಂಕಿ ಬರುತ್ತದೆ. ಯಾವ ಯಂತ್ರಕ್ಕೂ ಅದು ಆಗುವ ಮಾತಲ್ಲ.

ಹೀಗಾಗಿ ಬೀಗ ಒಡೆಯಲು ಯಾರೂ ಹೋಗುವುದಿಲ್ಲ, ಕೀಲಿಕೈ ಹುಡುಕುತ್ತಾರೆ. ಅದು ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ, ಇಲ್ಲವೇ ಊರಿಗೆಲ್ಲ ಹೊಳೆಯಬಹುದಾದ ‘ಬೆಣ್ಣೆದೋಸೆ@123’ ಆಗಿರುತ್ತದೆ. ಇನ್ನೊಂದು ಕಡೆಯ ತೊಂದರೆ ಇದಕ್ಕಿಂತ ದೊಡ್ಡದು: ಮಾಲೀಕನೇ ಕೀಲಿಕೈ ಕಳೆದುಕೊಂಡರೆ ಆ 78 ಅಂಕಿಯ ಗೋಡೆ ಅವನಿಗೂ ಅಷ್ಟೇ ಗಟ್ಟಿ. ಕಂಪನಿಗೆ ಫೋನ್ ಮಾಡಿದರೂ ತೆರೆದುಕೊಡುವುದಿಲ್ಲ. ಸಣ್ಣ ವ್ಯಾಪಾರದಲ್ಲಿ ಕಳ್ಳನಿಗಿಂತ ಮರೆವಿಗೆ ಹೆಚ್ಚು ಹೆದರಬೇಕು. ಅದಕ್ಕೇ ಕೆಲಸದ ಸರದಿ ಹೀಗಿರಲಿ: ಮೊದಲು ಬ್ಯಾಕಪ್, ಆಮೇಲೆ ಕೀಲಿಕೈ ಇಡುವ ಜಾಗದ ತೀರ್ಮಾನ, ಕೊನೆಗೆ ಬೀಗ. ಬಹಳಷ್ಟು ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಪಾಸ್‌ವರ್ಡ್ ಕನ್ನಡದ್ದಿರಲಿ, ಅಕ್ಷರ ಇಂಗ್ಲಿಷಿನದಿರಲಿ

ಡಿಸ್ಕಿಗಾಗಲಿ ಬ್ಯಾಕಪ್ಪಿಗಾಗಲಿ ಇಡುವ ಪಾಸ್‌ವರ್ಡ್ ಉದ್ದವಿರಬೇಕು. ಚಿಹ್ನೆ, ಅಂಕಿ ತುರುಕಿದ ಎಂಟು ಅಕ್ಷರಕ್ಕಿಂತ ಸಂಬಂಧವಿಲ್ಲದ ಆರು ಪದಗಳ ಸಾಲು ಎಷ್ಟೋ ಗಟ್ಟಿ, ನೆನಪಿಡಲೂ ಸುಲಭ. ನಿಘಂಟು ತೆಗೆದು ಕಣ್ಣುಮುಚ್ಚಿ ಆರು ಪುಟಗಳಲ್ಲಿ ಬೆರಳಿಡಿ. ಗುದ್ದಲಿ, ಅಲಸಂದೆ, ಟೊಪ್ಪಿಗೆ, ಮಂಗಳವಾರ, ಸೀಗೆ, ಇಪ್ಪತ್ತು, ಈ ಥರ ಏನೋ ಬರುತ್ತದೆ. ಇಲ್ಲಿ ಅಚ್ಚಾದ ಈ ಸಾಲನ್ನು ಬಳಸಬೇಡಿ. ಪದಗಳನ್ನು ನೀವೇ ಯೋಚಿಸಿ ಆರಿಸಬೇಡಿ, ಏಕೆಂದರೆ ಯೋಚಿಸಿದರೆ ಮಗಳ ಹೆಸರು, ಮನೆದೇವರು, ಗಾಡಿ ನಂಬರ್ ತಾವಾಗಿ ಬಂದು ಕೂರುತ್ತವೆ.

ಕನ್ನಡಿಗರು ಇಲ್ಲಿ ಎಡವಿ ಬೀಳುವ ಎರಡು ಗುಂಡಿಗಳಿವೆ. ಮೊದಲನೆಯದು ಲಿಪಿ. ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಟೈಪ್ ಮಾಡಿದರೆ, ಕಂಪ್ಯೂಟರ್ ಶುರುವಾಗುವಾಗಿನ ಕಪ್ಪು ಪರದೆಯಲ್ಲಿ ಕನ್ನಡ ಕೀಬೋರ್ಡ್ ಇರುವುದೇ ಇಲ್ಲ. ಬೇರೆ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿ ಇದ್ದು, ನೀವು ಮೊದಲು ಯೂನಿಕೋಡ್‌ನಲ್ಲಿ ಬರೆದಿದ್ದರೆ ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಬೇರೆ ಪದ. ಎರಡನೆಯದು ಕಾಗುಣಿತ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ‘ಸೀಗೆ’ಯ ದೀರ್ಘಕ್ಕೆ ಎರಡು ‘ಇ’ಯೋ ಒಂದು ‘ಐ’ಯೋ, ‘ಟೊಪ್ಪಿಗೆ’ಯ ‘ಪ್ಪ’ ಒಂದೋ ಎರಡೋ ಎಂಬುದು ಆರು ತಿಂಗಳ ಮೇಲೆ ನೆನಪಿರುವುದಿಲ್ಲ. ಒಂದು ಕಾಗುಣಿತ ಗೊತ್ತು ಮಾಡಿಕೊಂಡು, ಎಲ್ಲ ಸಣ್ಣಕ್ಷರದಲ್ಲಿ, ಟೈಪ್ ಮಾಡುವ ಹಾಗೆಯೇ ಕಾಗದದ ಮೇಲೆ ಬರೆಯಿರಿ.

ಹೌದು, ಕಾಗದದ ಮೇಲೆ. ಪಾಸ್‌ವರ್ಡ್ ಬರೆದಿಡಬಾರದು ಎಂಬ ಹಳೆಯ ಉಪದೇಶ ಆಫೀಸಿನ ಮೇಜಿಗೆ ಸರಿ, ಡಿಸ್ಕಿನ ಕೀಲಿಕೈಗೆ ಸರಿಯಲ್ಲ. ಎರಡು ಪ್ರತಿ ಬರೆದು, ಎರಡು ಲಕೋಟೆಯಲ್ಲಿ ಹಾಕಿ ಅಂಟಿಸಿ. ಒಂದು ಬ್ಯಾಂಕ್ ಲಾಕರಿಗೆ ಅಥವಾ ಮನೆಯ ಬೀರುವಿಗೆ ಹೋಗಲಿ, ಇನ್ನೊಂದು ಬೇರೆ ಕಟ್ಟಡದಲ್ಲಿರುವ ನಂಬಿಕಸ್ತರ ಬಳಿ ಇರಲಿ. ಮಾಲೀಕರಿಗೆ ಏನಾದರೂ ಆದರೆ ಮನೆಯವರಿಗೆ ಲೆಕ್ಕ ಸಿಗಬೇಕಲ್ಲ. ಲಕೋಟೆಯ ಮೇಲೆ ಯಂತ್ರದ ಹೆಸರು ಮತ್ತು ತಾರೀಕು ಸಾಕು. ಒಳಗೇನಿದೆ ಎಂದು ಬರೆಯಬೇಡಿ. ಲ್ಯಾಪ್‌ಟಾಪ್ ಚೀಲದ ಜೇಬಿನಲ್ಲಿ ಮಾತ್ರ ಇಡಬೇಡಿ, ಚೀಲ ಹೋದಾಗ ಎರಡೂ ಒಟ್ಟಿಗೇ ಹೋಗುತ್ತವೆ. ದಿನಬಳಕೆಯ ನಲವತ್ತೈವತ್ತು ಪಾಸ್‌ವರ್ಡ್‌ಗಳಿಗೆ ಕೀಪಾಸ್‌ಎಕ್ಸ್‌ಸಿ ಅಥವಾ ಬಿಟ್‌ವಾರ್ಡನ್ ಎಂಬ, ಪಾಸ್‌ವರ್ಡ್ ಕಾಪಿಡುವ ಸಾಫ್ಟ್‌ವೇರ್ ಬಳಸಬಹುದು.

ಲ್ಯಾಪ್‌ಟಾಪ್ ಮತ್ತು ಆಫೀಸಿನ ಕಂಪ್ಯೂಟರ್

ವಿಂಡೋಸ್‌ನಲ್ಲಿ ಇದಕ್ಕೆಂದೇ ಬಿಟ್‌ಲಾಕರ್ ಇದೆ, ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಪ್ರೊ ಆವೃತ್ತಿಯಲ್ಲಿ ಪೂರ್ತಿ ಸೌಲಭ್ಯ. ಹೋಮ್ ಆವೃತ್ತಿಯಲ್ಲಿ ಅದರದೇ ಸರಳ ರೂಪ, ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಲ್ಲಿ, ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯೂರಿಟಿಯ ಒಳಗೆ ಸಿಗುತ್ತದೆ. ಅಲ್ಲಿ ಆ ಸಾಲೇ ಇಲ್ಲವೆಂದರೆ ಯಂತ್ರದಲ್ಲಿ ಬೇಕಾದ ಸೌಕರ್ಯ ಇಲ್ಲ ಎಂದರ್ಥ. ಅಂಥವರು ಮುಂದೆ ಬರುವ ವೆರಾಕ್ರಿಪ್ಟ್ ನೋಡಿ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಇದೆ. ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ಎಲ್‌ಯುಕೆಎಸ್ ಆಯ್ಕೆ ಕೇಳುತ್ತದೆ, ಆಗ ಬಿಟ್ಟರೆ ಆಮೇಲೆ ಹಾಕುವುದು ಕಿರಿಕಿರಿ.

ಶುರು ಮಾಡುವ ಮೊದಲು ಒಂದು ಪರೀಕ್ಷೆ: ನಿಮ್ಮ ಡಿಸ್ಕ್ ಈಗಾಗಲೇ ಎನ್‌ಕ್ರಿಪ್ಟ್ ಆಗಿದೆಯೇ? ವಿಂಡೋಸ್ 11ರ 24ಎಚ್2 ಆವೃತ್ತಿ 2024ರ ಅಕ್ಟೋಬರಿನಲ್ಲಿ ಬಂದ ಮೇಲೆ, ಹೊಸದಾಗಿ ಇನ್‌ಸ್ಟಾಲ್ ಆದ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎನ್‌ಕ್ರಿಪ್ಷನ್ ಸಾಮಾನ್ಯವಾಗಿ ತಾನಾಗಿಯೇ ಶುರುವಾಗುತ್ತದೆ. ಮಾಮೂಲಿ ದಾರಿ ಮುಚ್ಚಿದಾಗ ಡಿಸ್ಕ್ ತೆರೆಯುವ ರಿಕವರಿ ಕೀ ಆ ಖಾತೆಯಲ್ಲಿ ಹೋಗಿ ಕೂರುತ್ತದೆ. ಖಾತೆ ಯಾರದ್ದು ಎಂಬುದೇ ಇಲ್ಲಿ ಪ್ರಶ್ನೆ. ಲ್ಯಾಪ್‌ಟಾಪ್ ಮಾರಿದ ಅಂಗಡಿಯವರು ಬೇಗ ಕೊಟ್ಟು ಕಳಿಸಲು ತಮ್ಮದೇ ಇಮೇಲ್ ಹಾಕಿ ಸಿದ್ಧ ಮಾಡಿದ್ದರೆ ನಿಮ್ಮ ಡಿಸ್ಕಿನ ಕೀಲಿಕೈ ಅವರ ಖಾತೆಯಲ್ಲಿದೆ. ಎರಡು ವರ್ಷ ಬಿಟ್ಟು ರಿಪೇರಿಗೆ ಕೊಟ್ಟಾಗ ನೀಲಿ ಪರದೆ ರಿಕವರಿ ಕೀ ಕೇಳುತ್ತದೆ, ಆಗ ಅದನ್ನು ಸಿದ್ಧ ಮಾಡಿಕೊಟ್ಟ ಹುಡುಗ ಅಂಗಡಿ ಬಿಟ್ಟು ಬೆಂಗಳೂರು ಸೇರಿರುತ್ತಾನೆ. ಆದ್ದರಿಂದ ಇವತ್ತೇ ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಹೋಗಿ, ಡಿವೈಸಸ್ ಎಂಬಲ್ಲಿ ನಿಮ್ಮ ಲ್ಯಾಪ್‌ಟಾಪ್ ಮತ್ತು ಅದರ ಬಿಟ್‌ಲಾಕರ್ ಕೀ ಕಾಣುತ್ತದೆಯೇ ನೋಡಿ.

ಪ್ರೊದಲ್ಲಿ ಹೊಸದಾಗಿ ಹಾಕುವವರು ಸ್ಟಾರ್ಟ್ ಒತ್ತಿ ‘ಮ್ಯಾನೇಜ್ ಬಿಟ್‌ಲಾಕರ್’ ಎಂದು ಹುಡುಕಿ, ಸಿ ಡ್ರೈವ್ ಎದುರಿನ ‘ಟರ್ನ್ ಆನ್ ಬಿಟ್‌ಲಾಕರ್’ ಒತ್ತಿ. ರಿಕವರಿ ಕೀ ಎಲ್ಲಿ ಉಳಿಸಲಿ ಎಂದು ಕೇಳುತ್ತದೆ. ಪ್ರಿಂಟ್ ಮಾಡಿ, ಜೊತೆಗೆ ಖಾತೆಯಲ್ಲೂ ಉಳಿಸಿ. ಈ ಕೀ 48 ಅಂಕಿಯದು, ಆರಾರು ಅಂಕಿಯ ಎಂಟು ಗುಂಪು. ಅದರ ಜೊತೆ ಒಂದು ಕೀ ಐಡಿ ಬರುತ್ತದೆ. ಆಫೀಸಿನಲ್ಲಿ ಐದಾರು ಕಂಪ್ಯೂಟರ್ ಇದ್ದರೆ ಯಾವ ಕಾಗದ ಯಾವುದಕ್ಕೆ ಎಂದು ಹೇಳುವುದು ಆ ಐಡಿಯೇ. ಕತ್ತರಿಸಿ ಬಿಸಾಡಬೇಡಿ. ಮುಂದಿನ ಪ್ರಶ್ನೆ, ಬಳಸಿದ ಜಾಗ ಮಾತ್ರವೋ ಇಡೀ ಡ್ರೈವೋ. ಹೊಚ್ಚ ಹೊಸ ಯಂತ್ರಕ್ಕೆ ಮೊದಲನೆಯದು ಸಾಕು, ಬೇಗ ಮುಗಿಯುತ್ತದೆ. ವರ್ಷಗಟ್ಟಲೆ ಬಳಸಿದ್ದಕ್ಕೆ ಇಡೀ ಡ್ರೈವ್ ಎಂದೇ ಕೊಡಿ: ಡಿಲೀಟ್ ಮಾಡಿದ ಹಳೆಯ ಫೈಲುಗಳು ‘ಖಾಲಿ’ ಜಾಗದಲ್ಲಿ ಇನ್ನೂ ಮಲಗಿರುತ್ತವೆ. ಆಮೇಲೆ ಮೋಡ್ ಕೇಳಿದರೆ ಒಳಗಿನ ಡಿಸ್ಕಿಗೆ ‘ನ್ಯೂ’, ಪೆನ್‌ಡ್ರೈವಿಗೆ ‘ಕಂಪ್ಯಾಟಿಬಲ್’. ‘ಸಿಸ್ಟಂ ಚೆಕ್’ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ.

ಸಮಯದ ಅಂದಾಜು ಹೀಗೆ. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ ಎಂದುಕೊಂಡರೆ 1 ಟಿಬಿ ಓದಲು ಮೂರು ಗಂಟೆ ಹತ್ತಿರ, ಮತ್ತೆ ಅಷ್ಟನ್ನೂ ಬರೆಯಬೇಕು. ಅಂದರೆ ಆರು ಗಂಟೆ, ಇಲ್ಲವೇ ಇಡೀ ರಾತ್ರಿ. ತಿರುಗುವ ಭಾಗವಿಲ್ಲದ, ಚಿಪ್ಪಿನ ಎಸ್‌ಎಸ್‌ಡಿ ಇದ್ದರೆ ಇದಕ್ಕಿಂತ ಎಷ್ಟೋ ಬೇಗ. ನಡುವೆ ಕರೆಂಟ್ ಹೋದರೆ? ಬಿಟ್‌ಲಾಕರ್ ನಿಂತಲ್ಲಿಂದ ಮುಂದುವರಿಯುತ್ತದೆ, ಡೇಟಾ ಹಾಳಾಗಬೇಕಿಲ್ಲ. ಆದರೆ ಮೊದಲೇ ಮುಕ್ಕಾಗಿರುವ ಡಿಸ್ಕಿಗೆ ಈ ಇಡೀ ರಾತ್ರಿಯ ಓದು-ಬರಹ ಕೊನೆಯ ಹೊಡೆತವಾಗಬಹುದು. ಬೆಸ್ಕಾಂ ಮೇಲೆ ಭಾರ ಹಾಕದೆ ಯುಪಿಎಸ್ ಇಟ್ಟುಕೊಂಡು, ಬ್ಯಾಕಪ್ ತೆಗೆದ ಮೇಲೆಯೇ ಶುರು ಮಾಡಿ. ಎನ್‌ಕ್ರಿಪ್ಟ್ ಆದ ಡಿಸ್ಕ್ ಕೆಟ್ಟರೆ ಡೇಟಾ ರಿಕವರಿ ಮಾಡುವವರಿಗೂ ಕೈಕಟ್ಟಿದಂತೆ ಎಂಬುದು ನೆನಪಿರಲಿ.

ಎಲ್ಲ ಸರಿಯಿದ್ದ ಯಂತ್ರ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ 48 ಅಂಕಿ ಕೇಳುವುದುಂಟು. ಕೀಲಿ ಮದರ್‌ಬೋರ್ಡಿನ ಟಿಪಿಎಂ ಎಂಬ ಚಿಪ್ಪಿನಲ್ಲಿ ಇರುತ್ತದೆ. ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದಾಗ, ಬಯಾಸ್ ರೀಸೆಟ್ ಮಾಡಿದಾಗ, ಮದರ್‌ಬೋರ್ಡ್ ಬದಲಿಸಿದಾಗ ಆ ಚಿಪ್ ‘ಇದು ನನ್ನ ಯಂತ್ರವಲ್ಲ’ ಎಂದು ಕೈಕಟ್ಟಿ ಕೂರುತ್ತದೆ. ಬಯಾಸ್ ಅಪ್‌ಡೇಟಿಗೂ ರಿಪೇರಿಗೂ ಮೊದಲು ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿ, ಮುಗಿದ ಮೇಲೆ ಮತ್ತೆ ಚಾಲೂ ಆಗಿದೆಯೇ ನೋಡಿ. ಇನ್ನೊಂದು ಮಾತು: ಟಿಪಿಎಂ ತಾನಾಗಿಯೇ ಬೀಗ ತೆಗೆದು ಲಾಗಿನ್ ಪರದೆವರೆಗೆ ಕರೆತರುವುದರಿಂದ, ವಿಂಡೋಸ್ ಪಾಸ್‌ವರ್ಡ್ 1234 ಆಗಿದ್ದರೆ ಎಲ್ಲ ವ್ಯರ್ಥ. ಬಸ್ಸಿನಲ್ಲಿ ಒಯ್ಯುವಾಗ ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿ ಬಿಡದೆ ಶಟ್‌ಡೌನ್ ಮಾಡಿ, ಸ್ಲೀಪ್‌ನಲ್ಲಿ ಕೀಲಿ ಮೆಮೊರಿಯಲ್ಲೇ ಉಳಿದಿರುತ್ತದೆ.

ಪೆನ್‌ಡ್ರೈವ್, ಮತ್ತು ಝೆರಾಕ್ಸ್ ಅಂಗಡಿ

ಕಳೆದುಹೋಗುವುದರಲ್ಲಿ ಪೆನ್‌ಡ್ರೈವಿಗೆ ಮೊದಲ ಸ್ಥಾನ. ಪ್ರೊ ಇರುವ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಮೇಲೆ ಬಲಗ್ಲಿಕ್ ಮಾಡಿ ಬಿಟ್‌ಲಾಕರ್ ಹಾಕಬಹುದು. ಹೋಮ್ ಆವೃತ್ತಿಯಲ್ಲಿ ಹಾಕಲಾಗದು, ಹಾಕಿದ್ದನ್ನು ಪಾಸ್‌ವರ್ಡ್ ಕೊಟ್ಟು ತೆರೆಯಬಹುದು. ಟಿವಿಗೆ, ಕಾರಿನ ಸ್ಟೀರಿಯೋಗೆ ಸಿಕ್ಕಿಸಿದರೆ ಓದುವುದಿಲ್ಲ, ಹಾಡಿನದನ್ನು ಬೇರೆ ಇಟ್ಟುಕೊಳ್ಳಿ. ಎನ್‌ಕ್ರಿಪ್ಟ್ ಆಗುತ್ತಿರುವಾಗ ಕಿತ್ತರೆ ಫೈಲು ಕೆಡುವ ಸಂಭವ ಇದೆ. ಇನ್ನು ಈ ಪೆನ್‌ಡ್ರೈವನ್ನು ಝೆರಾಕ್ಸ್ ಅಂಗಡಿಗೆ ಒಯ್ದು, ಅಲ್ಲಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹೊಡೆಯುವುದೆಂದರೆ ಮನೆ ಕೀಲಿಕೈಯನ್ನು ಸಂತೆಯಲ್ಲಿ ತೋರಿಸಿದಂತೆ. ಆ ಯಂತ್ರದಲ್ಲಿ ಏನೇನು ಕೂತಿದೆಯೋ ಯಾರಿಗೆ ಗೊತ್ತು. ಪ್ರಿಂಟ್‌ಗೆ ಬೇಕಾದ ಒಂದು ಫೈಲನ್ನು ಬೇರೆ ಖಾಲಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ಇಡೀ ಡಿಸ್ಕಿಗೆ ಹಾಕಲಾಗದವರಿಗೆ ವೆರಾಕ್ರಿಪ್ಟ್

2014ರ ಮೇನಲ್ಲಿ ಟ್ರೂಕ್ರಿಪ್ಟ್ ಎಂಬ ಸಾಫ್ಟ್‌ವೇರ್ ನಿಂತುಹೋಯಿತು. ಅದರ ಮುಂದಿನ ಕುಡಿ ವೆರಾಕ್ರಿಪ್ಟ್, ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರಲ್ಲಿ ಒಂದು ದೊಡ್ಡ ಫೈಲ್ ಮಾಡಿ ಅದನ್ನೇ ತಿಜೋರಿಯಂತೆ ಬಳಸುವುದು. ‘ಕ್ರಿಯೇಟ್ ವಾಲ್ಯೂಮ್’ ಒತ್ತಿ, ‘ಫೈಲ್ ಕಂಟೇನರ್’, ಆಮೇಲೆ ‘ಸ್ಟ್ಯಾಂಡರ್ಡ್’ ಆರಿಸಿ. ಡಿ ಡ್ರೈವಿನಲ್ಲಿ ಒಂದು ಹೆಸರು ಕೊಡಿ. ಈಗಾಗಲೇ ಇರುವ ಫೈಲನ್ನು ತೋರಿಸಿದರೆ ಅದು ಅಳಿಸಿಹೋಗುತ್ತದೆ, ಎನ್‌ಕ್ರಿಪ್ಟ್ ಆಗುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ವಿಧಾನ ಎಇಎಸ್, ಹ್ಯಾಶ್ ಎಸ್‌ಎಚ್‌ಎ-512, ಇದ್ದದ್ದು ಇದ್ದ ಹಾಗೇ ಬಿಡಿ. ಗಾತ್ರ ಬೇಕಾದ್ದಕ್ಕಿಂತ ಎರಡರಷ್ಟು ಇಡಿ, ಆಮೇಲೆ ಹಿಗ್ಗಿಸುವುದು ತಾಪತ್ರಯ. ಪಾಸ್‌ವರ್ಡ್ 20 ಅಕ್ಷರಕ್ಕಿಂತ ಕಡಿಮೆಯಿದ್ದರೆ ಎಚ್ಚರಿಸುತ್ತದೆ. ಫೈಲ್‌ಸಿಸ್ಟಂ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್ ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸದು. ಕೊನೆಯ ಪರದೆಯಲ್ಲಿ ಪಟ್ಟಿ ಹಸಿರಾಗುವವರೆಗೆ ಮೌಸ್ ಅಡ್ಡಾದಿಡ್ಡಿ ಆಡಿಸಿ. ಆಟವೆನಿಸಿದರೂ ಕೀಲಿ ಹುಟ್ಟುವುದು ಆ ಅಡ್ಡಾದಿಡ್ಡಿಯಿಂದಲೇ.

ದಿನಾ ಬಳಸಲು ಒಂದು ಡ್ರೈವ್ ಅಕ್ಷರ ಆರಿಸಿ, ಆ ಫೈಲ್ ತೋರಿಸಿ, ‘ಮೌಂಟ್’ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಹೊಸ ಡ್ರೈವ್ ಮೂಡುತ್ತದೆ. ಕೆಲಸ ಮುಗಿದ ಮೇಲೆ ‘ಡಿಸ್‌ಮೌಂಟ್’, ಹೊಸ ಆವೃತ್ತಿಯಲ್ಲಿ ‘ಅನ್‌ಮೌಂಟ್’. ಟೂಲ್ಸ್‌ನಲ್ಲಿ ‘ಬ್ಯಾಕಪ್ ವಾಲ್ಯೂಮ್ ಹೆಡರ್’ ಇದೆ, ಮಾಡಿಕೊಳ್ಳಿ. ಡೇಟಾವನ್ನು ಮುಚ್ಚುವ ನಿಜವಾದ ಕೀಲಿ ಹೆಡರಿನಲ್ಲಿ, ಅಂದರೆ ಕಂಟೇನರ್ ಫೈಲಿನ ತಲೆಭಾಗದಲ್ಲಿ, ಇದೆ. ನಿಮ್ಮ ಪಾಸ್‌ವರ್ಡ್ ತೆರೆಯುವುದು ಆ ಕೀಲಿಯ ಡಬ್ಬಿಯನ್ನು ಮಾತ್ರ. 500 ಜಿಬಿಗೆ ಪಾಸ್‌ವರ್ಡ್ ಬದಲಿಸಲು ಕ್ಷಣ ಸಾಕಾಗುವುದು ಇದಕ್ಕೇ. ಇದರ ಇನ್ನೊಂದು ಮುಖ: ಹಳೆಯ ಹೆಡರ್ ಬ್ಯಾಕಪ್ ಯಾರ ಬಳಿಯಾದರೂ ಇದ್ದರೆ ಹಳೆಯ ಪಾಸ್‌ವರ್ಡಿನಿಂದ ಅವರು ಈಗಲೂ ತೆರೆಯಬಲ್ಲರು. ಕೆಲಸ ಬಿಟ್ಟುಹೋದ ಗುಮಾಸ್ತರಿಗೆ ಎರಡೂ ಗೊತ್ತಿದ್ದರೆ ಹೊಸ ಕಂಟೇನರ್ ಮಾಡಿ ಎಲ್ಲವನ್ನೂ ಅದಕ್ಕೆ ಸಾಗಿಸುವುದೇ ಸರಿ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ತೊಡಕು ಇದೆ. ಒಳಗೆ ಎಷ್ಟು ಬದಲಾವಣೆ ಮಾಡಿದರೂ ಕಂಟೇನರ್ ಫೈಲಿನ ತಾರೀಕನ್ನು ವೆರಾಕ್ರಿಪ್ಟ್ ಹಳೆಯದೇ ಉಳಿಸುತ್ತದೆ. ತಾರೀಕು ನೋಡಿ ನಡೆಯುವ ಬ್ಯಾಕಪ್ ಸಾಫ್ಟ್‌ವೇರ್ ‘ಏನೂ ಬದಲಾಗಿಲ್ಲ’ ಎಂದು ಬಿಟ್ಟುಬಿಡುತ್ತದೆ. ಆರು ತಿಂಗಳ ಬ್ಯಾಕಪ್ ಇದೆ ಎಂದುಕೊಂಡವರಿಗೆ ಮೊದಲ ದಿನದ್ದು ಮಾತ್ರ ಸಿಗುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ ‘ಪ್ರಿಸರ್ವ್ ಮಾಡಿಫಿಕೇಷನ್ ಟೈಮ್‌ಸ್ಟ್ಯಾಂಪ್’ ಎಂಬ ಟಿಕ್ ತೆಗೆಯಿರಿ. ಗೂಗಲ್ ಡ್ರೈವಿಗೆ ಇಂಥ ದೊಡ್ಡ ಕಂಟೇನರ್ ಹೊಂದುವುದೂ ಇಲ್ಲ. ಅಲ್ಲಿಗೆ ಒಂದೊಂದು ಫೈಲನ್ನೂ ಬೇರೆ ಬೇರೆ ಮುಚ್ಚುವ ಕ್ರಿಪ್ಟೊಮೇಟರ್ ಒಳ್ಳೆಯದು. ಡ್ರೈವಿನಲ್ಲಿ ಗೂಗಲ್ ತಾನೇ ಎನ್‌ಕ್ರಿಪ್ಷನ್ ಮಾಡುತ್ತದೆ ನಿಜ, ಆದರೆ ಕೀಲಿಕೈ ಗೂಗಲ್ ಬಳಿಯೇ ಇರುತ್ತದೆ. ನಿಮ್ಮ ಜಿಮೇಲ್ ಪಾಸ್‌ವರ್ಡ್ ಸಿಕ್ಕವನಿಗೆ ಎಲ್ಲವೂ ತೆರೆದೇ ಕಾಣುತ್ತದೆ.

ಟ್ಯಾಲಿ

ಟ್ಯಾಲಿಯಲ್ಲಿ ಬಳಕೆದಾರರ ಪಾಸ್‌ವರ್ಡ್ ಬೇರೆ, ಟ್ಯಾಲಿವಾಲ್ಟ್ ಬೇರೆ. ಮೊದಲನೆಯದು ಯಾರು ಏನು ನೋಡಬಹುದು ಎಂದು ತೀರ್ಮಾನಿಸುತ್ತದೆ. ಕಂಪನಿಯ ಡೇಟಾವನ್ನೇ ಎನ್‌ಕ್ರಿಪ್ಟ್ ಮಾಡುವುದು ವಾಲ್ಟ್. ಹಾಕಿದ ಮೇಲೆ ಕಂಪನಿ ಪಟ್ಟಿಯಲ್ಲಿ ಹೆಸರೂ ಚುಕ್ಕಿಗಳಾಗಿ ಕಾಣುತ್ತದೆ. ಬಿಟ್‌ಲಾಕರ್ ಇದ್ದ ಮೇಲೆ ಇದೇಕೆ ಎಂದರೆ, ಎರಡೂ ತಡೆಯುವ ಕಳ್ಳತನ ಬೇರೆ ಬೇರೆ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ನಾಲ್ಕು ಕಂಪ್ಯೂಟರ್ ಒಂದೇ ಸರ್ವರಿನ ಶೇರ್ ಫೋಲ್ಡರಿಗೆ ಸೇರಿವೆ ಎಂದುಕೊಳ್ಳಿ. ಆ ಸರ್ವರನ್ನು ರಾತ್ರಿ ಹೊತ್ತೊಯ್ದರೆ ಬಿಟ್‌ಲಾಕರ್ ಕಾಯುತ್ತದೆ. ಹಗಲು ಹೊತ್ತು, ಎಲ್ಲ ಆನ್ ಇರುವಾಗ, ಯಾರೋ ಇಡೀ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಹೊಡೆದುಕೊಂಡರೆ ಕಾಯುವುದು ವಾಲ್ಟ್.

ವಾಲ್ಟ್ ಹಾಕುವ ಮೊದಲು ಬ್ಯಾಕಪ್ ತೆಗೆಯಿರಿ. ಹಾಕಿದ ಮೇಲೆ ಡೇಟಾ ಫೋಲ್ಡರ್ ತೆರೆದು, ಎನ್‌ಕ್ರಿಪ್ಟ್ ಆಗದ ಹಳೆಯ ಕಂಪನಿಯ ಪ್ರತಿ ಉಳಿದಿದೆಯೇ ಪರೀಕ್ಷಿಸಿ; ಹೊಸದು ಸರಿಯಾಗಿ ತೆರೆಯುತ್ತದೆ ಎಂದು ಖಾತ್ರಿಯಾದ ಮೇಲೆ ಅದನ್ನು ತೆಗೆಯಿರಿ. ಹಿಂದೆ ತೆಗೆದ ಬ್ಯಾಕಪ್‌ಗಳು ತೆರೆದೇ ಇರುತ್ತವೆ, ಅವನ್ನೂ ಮರೆಯಬೇಡಿ. ವಾಲ್ಟ್ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ದಾರಿ ಇಲ್ಲ. ಅಕೌಂಟೆಂಟ್ ಒಬ್ಬರಿಗೇ ಗೊತ್ತಿದ್ದು, ಮಾರ್ಚ್ ಕೊನೆಯಲ್ಲಿ ಅವರು ಸಿಗದೇ ಹೋದರೆ ಪಾಡೇನು? ಲಕೋಟೆ, ಮತ್ತೆ ಲಕೋಟೆ.

ತೆರಿಗೆ ಸಲಹೆಗಾರರಿಗೆ ಒಂದು ಪಕ್ಕದ ಮಾತು. ಕಕ್ಷಿದಾರರ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ಗಳನ್ನು ಒಂದೇ ಡ್ರಾಯರಿನಲ್ಲಿ ಹಾಕಿ, ಒಂದೊಂದರ ಮೇಲೂ ಪಿನ್ ಬರೆದು ಅಂಟಿಸುವ ರೂಢಿ ಇದೆ. ಟೋಕನ್ನಿನೊಳಗಿನ ಖಾಸಗಿ ಕೀಲಿಯನ್ನು ಕಾಪಿ ಮಾಡಲು ಬರುವುದಿಲ್ಲ, ಹಲವು ಬಾರಿ ತಪ್ಪು ಪಿನ್ ಹೊಡೆದರೆ ಅದು ಲಾಕ್ ಆಗುತ್ತದೆ. ಇಷ್ಟು ಜಾಗರೂಕತೆಯಿಂದ ಮಾಡಿದ ವಸ್ತುವನ್ನು ಒಂದು ಚೀಟಿ ಕೆಡಿಸುತ್ತದೆ.

ಫೈಲ್ ಕಳಿಸುವಾಗ

ಒಂದೆರಡು ಫೈಲಿಗೆ 7-ಜಿಪ್ ಸಾಕು. ಬಲಗ್ಲಿಕ್, ‘ಆ್ಯಡ್ ಟು ಆರ್ಕೈವ್’, ಫಾರ್ಮ್ಯಾಟ್ 7ಜೆಡ್, ಪಾಸ್‌ವರ್ಡ್ ಎರಡು ಸಲ, ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ಗೆ ಟಿಕ್. ಈ ಟಿಕ್ ಮರೆತರೆ ಒಳಗಿನದು ಮುಚ್ಚಿದ್ದರೂ ಹೆಸರುಗಳು ಕಾಣುತ್ತವೆ. ಕ್ಲಿನಿಕ್ಕಿನ ಫೈಲುಗಳಿಗೆ ರೋಗಿಯ ಹೆಸರೇ ಇಟ್ಟಿದ್ದರೆ ಗುಟ್ಟು ಅಲ್ಲೇ ರಟ್ಟು. ಜಿಪ್ ಫಾರ್ಮ್ಯಾಟೇ ಬೇಕೆಂದರೆ ವಿಧಾನದಲ್ಲಿ ಜಿಪ್‌ಕ್ರಿಪ್ಟೊ ಬಿಟ್ಟು ಎಇಎಸ್-256 ಆರಿಸಿ, ಜಿಪ್‌ಕ್ರಿಪ್ಟೊ ಒಡೆಯುವುದು ಸುಲಭ. ಫೈಲ್ ಇಮೇಲ್‌ನಲ್ಲಿ ಹೋದರೆ ಪಾಸ್‌ವರ್ಡ್ ಫೋನಿನಲ್ಲಿ ಹೇಳಿ. ಅದೇ ಇಮೇಲಿನ ಕೆಳಗೆ ‘ಪಾಸ್‌ವರ್ಡ್ ಇದು’ ಎಂದು ಬರೆದು ಕಳಿಸುವವರನ್ನು ಏನೆನ್ನೋಣ.

ಎಕ್ಸೆಲ್‌ನಲ್ಲಿ ‘ಪ್ರೊಟೆಕ್ಟ್ ಶೀಟ್’ ಎನ್ನುವುದು ಎನ್‌ಕ್ರಿಪ್ಷನ್ ಅಲ್ಲ, ಕೈತಪ್ಪಿ ಸೂತ್ರ ಅಳಿಸದಂತೆ ತಡೆಯುವ ಬೇಲಿ. ಬೇಕಾದ್ದು ಫೈಲ್, ಇನ್ಫೋ, ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿ ಇದು ದುರ್ಬಲ, ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿ.

ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಮುಂದೆ ಹುಟ್ಟಿದ ವರ್ಷ. ಹೆಸರು ಗೊತ್ತಿದ್ದವನಿಗೆ ಉಳಿಯುವುದು ಹೆಚ್ಚೆಂದರೆ ನೂರು ವರ್ಷ, ಅಂದರೆ ನೂರು ಪ್ರಯತ್ನ. ಒಂದು ಮಧ್ಯಾಹ್ನದ ಕೆಲಸ. ಆ ಫೈಲಿಗೆ ಪಾಸ್‌ವರ್ಡ್ ಇದೆ ಎಂದು ನಂಬಿ ಗುಂಪುಗಳಲ್ಲಿ ಹಾಕಬೇಡಿ. ಸಾಧ್ಯವಿರುವಲ್ಲೆಲ್ಲ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಫೋನ್ ಮತ್ತು ವಾಟ್ಸಾಪ್

ಆಂಡ್ರಾಯ್ಡ್ 10ರೊಂದಿಗೆ ಬಂದ ಮತ್ತು ಅದಕ್ಕಿಂತ ಹೊಸ ಫೋನುಗಳು ಎನ್‌ಕ್ರಿಪ್ಟ್ ಆಗಿಯೇ ಬರುತ್ತವೆ, ಐಫೋನೂ ಹಾಗೆಯೇ. ನಿಮ್ಮ ಕೆಲಸ ಆರಂಕಿಯ ಪಿನ್ ಇಡುವುದು ಮಾತ್ರ. ಮೆಮೊರಿ ಕಾರ್ಡ್ ಹಾಗಲ್ಲ, ಕಿತ್ತು ಬೇರೆಡೆ ಹಾಕಿದರೆ ಸಾಮಾನ್ಯವಾಗಿ ಎಲ್ಲ ಕಾಣುತ್ತದೆ. ಆಧಾರ್, ಪಾನ್ ಫೋಟೋ ಕಾರ್ಡಿನಲ್ಲಿ ಬೇಡ.

ವಾಟ್ಸಾಪ್ ಸಂದೇಶಗಳು 2016ರ ಏಪ್ರಿಲ್‌ನಿಂದ ಕಳಿಸಿದವರಿಂದ ಪಡೆದವರವರೆಗೆ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತವೆ. ಟವೆಲ್ಲಿನ ಹಾಗೆ ಇದೂ ಎರಡು ಕೈಗಳ ನಡುವಿನ ಮಾತನ್ನಷ್ಟೇ ಮುಚ್ಚುತ್ತದೆ, ಆಚೆ ಕೈಯವರು ಫಾರ್ವರ್ಡ್ ಮಾಡಿದರೆ ಮುಗಿಯಿತು. ಬ್ಯಾಕಪ್ಪಿಗೆ ನೀವೇ ಆನ್ ಮಾಡಬೇಕು: ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ‘ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್’. ಪಾಸ್‌ವರ್ಡ್ ಅಥವಾ 64 ಅಂಕಿಯ ಕೀ ಇಡಬಹುದು. ಫೋನೂ ಹೋಗಿ, ಪಾಸ್‌ವರ್ಡೂ ಮರೆತರೆ ಬ್ಯಾಕಪ್ ಹೋಯಿತು. ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ, ಬಿಟ್ಟುಬಂದ ಯಾವುದೋ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸಾಪ್ ಇನ್ನೂ ತೆರೆದಿರಬಹುದು.

ಬ್ರೌಸರಿನಲ್ಲಿ ತಾಣದ ವಿಳಾಸದ ಮುಂದಿರುವ ಎಚ್‌ಟಿಟಿಪಿಎಸ್ ಬಗ್ಗೆ ಒಂದೇ ಮಾತು: ದಾರಿ ಸುರಕ್ಷಿತ ಎನ್ನುತ್ತದೆ, ತಲುಪಿದ ಮನೆ ಯಾರದ್ದೆಂದು ಹೇಳುವುದಿಲ್ಲ. ಮೋಸದ ತಾಣಕ್ಕೂ ಅದು ಪುಕ್ಕಟೆ ಸಿಗುತ್ತದೆ. ಅಂಗಡಿಯ ವೈಫೈಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂಬ ಬಗೆಯ ಎನ್‌ಕ್ರಿಪ್ಷನ್ ಇರಲಿ, ಗಿರಾಕಿಗಳಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ.

ಕಾನೂನು, ಬ್ಯಾಕಪ್, ಹಳೆಯ ಡಿಸ್ಕ್

ಗಿರಾಕಿಗಳ, ರೋಗಿಗಳ, ವಿದ್ಯಾರ್ಥಿಗಳ ಮಾಹಿತಿ ಕಂಪ್ಯೂಟರಿನಲ್ಲಿ ಇಡುವವರಿಗೆಲ್ಲ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು 18 ತಿಂಗಳ ಬಳಿಕ ಜಾರಿಗೆ ಬರುತ್ತವೆ. ತೆಗೆದುಕೊಳ್ಳಬೇಕಾದ ಭದ್ರತಾ ಕ್ರಮಗಳಲ್ಲಿ ಎನ್‌ಕ್ರಿಪ್ಷನ್ ಹೆಸರು ನೇರವಾಗಿ ಇದೆ. ಭದ್ರತೆಯಲ್ಲಿ ಲೋಪವಾದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಕೋಚಿಂಗ್ ಸೆಂಟರಿನವರಿಗೆ ಅಷ್ಟು ಬೀಳುತ್ತದೆಂದಲ್ಲ, ಆದರೆ ‘ನಮ್ಮದು ಚಿಕ್ಕದು’ ಎಂಬ ಸಬೂಬು ಅಲ್ಲಿ ನಡೆಯದು.

ಬ್ಯಾಕಪ್ಪಿಗೆ ಎರಡು ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ, ಎರಡಕ್ಕೂ ಬಿಟ್‌ಲಾಕರ್ ಹಾಕಿ. ವಾರಕ್ಕೊಂದರಂತೆ ಬದಲಿಸುತ್ತಾ, ಕಾಪಿ ಆದ ಕೂಡಲೇ ಕಳಚಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಅಂಗಡಿ ದಾವಣಗೆರೆಯಲ್ಲಿದ್ದು ಮನೆ ಹರಿಹರದಲ್ಲೋ ಹೊಳಲ್ಕೆರೆಯಲ್ಲೋ ಇದ್ದರೆ ಇನ್ನೂ ಒಳ್ಳೆಯದು. ಆರು ತಿಂಗಳಿಗೊಮ್ಮೆ ಮನೆಯ ಡಿಸ್ಕನ್ನು ಬೇರೆಯದೇ ಕಂಪ್ಯೂಟರಿಗೆ ಸಿಕ್ಕಿಸಿ, ನೆನಪಿನಿಂದಲ್ಲದೆ ಲಕೋಟೆ ಒಡೆದು ಅದರಲ್ಲಿದ್ದುದನ್ನೇ ನೋಡಿ ಟೈಪ್ ಮಾಡಿ, ನಾಲ್ಕು ಫೈಲ್ ತೆರೆಯಿರಿ. ತೆರೆಯದಿದ್ದರೆ ಅಂದೇ ಗೊತ್ತಾಗುತ್ತದೆ. ಆಮೇಲೆ ಹೊಸ ಲಕೋಟೆ, ಹೊಸ ತಾರೀಕು.

ಹಳೆಯ ಯಂತ್ರ ಮಾರುವಾಗ, ಮೊದಲಿಂದ ಎನ್‌ಕ್ರಿಪ್ಟ್ ಆಗಿದ್ದ ಡಿಸ್ಕಿಗೆ ಒಂದು ಫಾರ್ಮ್ಯಾಟ್ ಸಾಕು, ಕೀಲಿ ಹೋದ ಮೇಲೆ ಉಳಿದದ್ದು ಕಸ. ಹಾಗಿರದ ಹಾರ್ಡ್‌ಡಿಸ್ಕಿಗೆ ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಆಗ ಎಲ್ಲ ಕಡೆ ಸೊನ್ನೆ ಬರೆಯುತ್ತದೆ. ಎಸ್‌ಎಸ್‌ಡಿಗೆ ಅದು ಭರವಸೆಯದ್ದಲ್ಲ, ಬರೆದದ್ದು ಎಲ್ಲಿ ಬೀಳಬೇಕೆಂದು ಅದು ತಾನೇ ತೀರ್ಮಾನಿಸುವುದರಿಂದ ಹಳೆಯ ತುಣುಕುಗಳು ಉಳಿಯಬಹುದು. ತಯಾರಕರೇ ಕೊಡುವ ‘ಸೆಕ್ಯೂರ್ ಇರೇಸ್’ ಉಪಕರಣ ಬಳಸಿ. ಆನ್ ಆಗದೇ ಸತ್ತ ಡಿಸ್ಕನ್ನು ಗುಜರಿಗೆ ಹಾಕುವ ಮುನ್ನ ಹಾರ್ಡ್‌ಡಿಸ್ಕಾದರೆ ಒಳಗಿನ ತಟ್ಟೆಗೆ, ಎಸ್‌ಎಸ್‌ಡಿಯಾದರೆ ಒಂದೊಂದು ಕಪ್ಪು ಚಿಪ್ಪಿಗೂ ಡ್ರಿಲ್ ಹಾಕಿಸಿ.